ನೀರು ಕುಡಿದ ಕೊಳ

ಡಕಾರಿನ ಹುಡುಗಿ ಮರೇಮ್, ಕೂತುಕೋ.
ಇಪ್ಪತ್ತಾರು ವರ್ಷ ಈ ರೆತ್ಬಾ ಕೊಳದ ಉಪ್ಪನ್ನು
ತಲೆಯ ಮೇಲೆ ದಡಕ್ಕೆ ಹೊತ್ತವಳು ನಾನು, ದಿಬೋರ್.
ಬೋಗುಣಿಗೆ ಇಪ್ಪತ್ತೈದು ಫ್ರಾಂಕು.
ನೆತ್ತಿಯ ಕೂದಲು ಹೋಯಿತು, ಲೆಕ್ಕ ಉಳಿಯಿತು.

ಬಣ್ಣ ಯಾವಾಗ ಏರುತ್ತಿತ್ತು ಅಂತ ಕೇಳಿದೆಯಲ್ಲ,
ಬರೆದುಕೋ:
ಬೆಳಗಿನ ನಮಾಜಿನ ಹೊತ್ತಿಗೆ ಅಕ್ಕಚ್ಚು.
ಹತ್ತು ಗಂಟೆಗೆ ಈರುಳ್ಳಿ ಸಿಪ್ಪೆ.
ಮಧ್ಯಾಹ್ನ, ಮರುಭೂಮಿಯ ಒಣಗಾಳಿ ಎದ್ದು
ದೋಣಿಯ ನೆರಳು ದೋಣಿಯ ಅಡಿಗೇ ಸರಿದಾಗ
ಹೆರಿಗೆಯ ಬಟ್ಟೆ ಹಿಂಡಿದ ನೀರು.
ಜನವರಿಯಿಂದ ಏರುತ್ತ ಏರುತ್ತ
ಮೇ ತಿಂಗಳಿಗೆ ಕಣ್ಣು ಚುಚ್ಚುತ್ತಿತ್ತು.
ಬಕೋರಿ ಮೈಗೆಲ್ಲ ಕರಿತೆ ಬೆಣ್ಣೆ ಬಳಿದು
ಸೊಂಟಮಟ್ಟ ಇಳಿದು ತಳದ ಉಪ್ಪು ಒಡೆಯುವಾಗ
ಅವನಿಗೆ ಕಾಲೇ ಇಲ್ಲವೇನೋ ಅನ್ನಿಸುತ್ತಿತ್ತು.

ಎಷ್ಟು ಚೆಂದ, ಅಂದರು ಫೋಟೋದವರು.
ಕೊಳಕ್ಕೆ ಖುಷಿಯಾಗಿದೆ ಅಂತ ನಾವೂ ಅಂದುಕೊಂಡೆವು.
ನೀನು ನಕ್ಕೆ. ಖುಷಿಯಲ್ಲ ಅಮ್ಮಾ,
ಅದು ಬಿಸಿಲಿಗೆ ಹಿಡಿದ ಕೊಡೆ.
ಹೊಟ್ಟೆಗಿಲ್ಲದೆ, ಉಪ್ಪು ಹಿಂಡುತ್ತ, ಬೆಳಕು ಬಡಿಯುತ್ತ ಇದ್ದರೆ
ಕಣ್ಣಿಗೆ ಕಾಣದ ಆ ಜೀವಗಳು ಕೆಂಪು ಹೊದೆಯುತ್ತವೆ.
ಸುಖ ಹೆಚ್ಚಾದರೆ ಪಾಚಿ ಹಸಿರು, ಉಳಿದದ್ದು ಪೇಲವ.

ಗಂಡ ಬಿಟ್ಟುಹೋದ ವರ್ಷವೇ ನನ್ನ ತಂಗಿ ಸಿಗಾ
ಬೆಂಕಿಬಣ್ಣದ ಬೂಬು ಹೊಲಿಸಿಕೊಂಡಿದ್ದಳು.
ಊರೆಲ್ಲ ಆಡಿಕೊಂಡಿತು. ನಾನೂ.

ಆಮೇಲೆ ಆ ಮಳೆ.
ಬೀದಿಬೀದಿಯ ನೀರನ್ನು ಪೈಪು ಹಾಕಿ ಇತ್ತ ತಿರುಗಿಸಿದರು.
ದಡದ ರಾಶಿಗಳು ನಿಂತಲ್ಲೇ ಕರಗಿದವು;
ಒಂದೊಂದಕ್ಕೂ ಒಬ್ಬೊಬ್ಬಳ ಗುರುತಿತ್ತು.
ಉಪ್ಪು ತಿಂದವರು ನೀರು ಕುಡಿಯಲೇಬೇಕು,
ನಮಗೇನು, ಬಾಯಿಮಾತು.
ಇವು ಕುಡಿದವು. ಕುಡಿದು ಒಡೆದವು.
ಉಪ್ಪಿನ ಬಿಗಿಯೇ ಅವಕ್ಕೆ ಮೈಕಟ್ಟಂತೆ,
ಸಿಹಿನೀರೆಂದರೆ ಗೋಡೆ ಕಿತ್ತ ಮನೆಯಂತೆ.
ತಿಂಗಳೊಳಗೆ ಕೊಳ
ಮರಗೆಣಸಿನ ಸೊಪ್ಪು ಬೇಯಿಸಿ ಚೆಲ್ಲಿದ ಹಾಗಾಯಿತು.

ಮಳೆಗೆ ಮೊದಲೇ ನೀನು ತುಂಬಿಟ್ಟ ನಾಲ್ಕು ಬಾಟಲಿ
ನನ್ನ ಕಿಟಕಿಯಲ್ಲಿಟ್ಟು ಹೋದೆ.
ಮುಟ್ಟಬೇಡ, ನೋಡು, ಅಂದೆ. ನೋಡಿದೆ.
ಬಿಸಿಲಿಗಿಟ್ಟದ್ದು ಬಿಸ್ಸಾಪು ಷರಬತ್ತು.
ಬಟ್ಟೆ ಸುತ್ತಿದ್ದು ಮಂಕಾಗುತ್ತ ಮಜ್ಜಿಗೆ.
ಬಿರಡೆ ಬಿಗಿದದ್ದು, ಉಸಿರು ಸಾಲದ್ದು,
ಅದೇ ಬಿಸಿಲಲ್ಲಿ ನೇರಳೆಗೆ ತಿರುಗಿತು
ಏಟು ಬಿದ್ದ ಮಾರನೆಯ ದಿನದ ಚರ್ಮದ ಹಾಗೆ.
ಉಸಿರು ಕಟ್ಟಿದಾಗ ಅವು ಬೆಳಕನ್ನೇ ಉಣ್ಣುತ್ತವೆ, ಅಂದಿದ್ದೆ ನೀನು.
ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾಲ್ಕನೆಯದಕ್ಕೆ ನೀನೇ ಮಳೆನೀರು ಬೆರೆಸಿದ್ದೆ.
ಅದರೊಳಗಿಂದ ಅಂಗಳದ ಮೇಕೆ ಕಾಣುತ್ತಿತ್ತು.

ಒಪ್ಪಿಕೊಳ್ಳುತ್ತೇನೆ, ಮುಟ್ಟಿದೆ.
ಒಂದು ಹಿಡಿ ಉಪ್ಪು, ಮೇಲೊಂದು ಹಿಡಿ, ಮತ್ತೂ ಒಂದು,
ಕೆಟ್ಟ ಸಾರು ನೆಟ್ಟಗೆ ಮಾಡುವವಳ ಹಾಗೆ ಸುರಿದೆ.
ತಳದಲ್ಲಿ ಬೆಳ್ಳಗೆ ಕೂತಿತು.
ಮೇಕೆ ಹಾಗೇ ಕಾಣುತ್ತಿತ್ತು.

ಯಾವ ಉಪ್ಪು ಅಂತ ಕೇಳಿದೆ ನೀನು, ಬೈಯಲಿಲ್ಲ.
ಗುಡಿಸಲ ಹಿಂದೆ, ಸೂರಿನಡಿ ಉಳಿದ ರಾಶಿ.
ಆ ಮೇ ತಿಂಗಳದು.
ಬಮಾಕೋ ಲಾರಿಯವನು ಕಾಲಲ್ಲಿ ಒದ್ದದ್ದು:
ಕೆಂಪಿದೆ, ನನಗೆ ಬಿಳಿ ಬೇಕು.
ನೀನು ಒಂದು ಹರಳೆತ್ತಿ ಬೆಳಕಿಗೆ ಹಿಡಿದು
ಮಾತು ನಿಲ್ಲಿಸಿದೆ.
ಹರಳೊಳಗೆ ಸಾಸಿವೆಗಿಂತ ಚಿಕ್ಕ ಹನಿ,
ಹನಿಯೊಳಗೆ ಅವು,
ಕೊಳ ಇನ್ನೂ ಇದೆಯೆಂದು ನಂಬಿ ಮಲಗಿದವು.
ಎಷ್ಟು ವರ್ಷ ಮಲಗಿರುತ್ತವೆ?
ಬಹಳ, ಅಂದೆ ನೀನು. ಸರಿಯಾಗಿ ಗೊತ್ತಿಲ್ಲ, ಅಂದೆ.
ಓದಿದವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಿನ್ನ ಮೇಲೆ ನಂಬಿಕೆ ಬಂತು.

ಲಾರಿಯವನು ಮೊನ್ನೆ ಮತ್ತೆ ಬಂದಿದ್ದ. ಈಗ ಕೆಂಪೂ ಆದೀತಂತೆ,
ಎರಡು ಪಟ್ಟು ಕೊಡುತ್ತಾನಂತೆ.
ಮೋಡ ಕಂಡರೆ ಗೋಣಿ ಹೊದಿಸುತ್ತೇನೆ ಆ ರಾಶಿಗೆ,
ಆಮೇಲೆ ನನ್ನ ಚಾಪೆ ಒಳಗೆಳೆಯುತ್ತೇನೆ.

ಇವತ್ತು ಬೆಳಿಗ್ಗೆ ನಾಲ್ಕನೆಯ ಬಾಟಲಿಯಲ್ಲಿ
ಮೇಕೆ ಕಂಡಿತು, ಸ್ಪಷ್ಟವಾಗಿಯೇ ಕಂಡಿತು.
ಆದರೆ ಅದರ ಬಿಳಿ ಗಡ್ಡ...
ಇರು, ಈಗಲೇ ಬರೆಯಬೇಡ.
ಹೊತ್ತು ಇನ್ನೂ ಮೇಲೆ ಬರಲಿ.