ಆಟಕ್ಕುಂಟು

ಬ್ಯೂಟ್ ಊರಿನಲ್ಲಿ ಇವತ್ತು ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಸ್ಕೂಲ್ ಬಸ್ಸಿನ ಎಂಜಿನ್ನಿಗೆ ಕರೆಂಟಿನ ವೈರು ಸಿಕ್ಕಿಸಿ ಬಂದಿದ್ದೇನೆ,
ಬೆಳಗಿನೊಳಗೆ ಕಲ್ಲಾಗದಿರಲಿ ಅಂತ.
ಬಾರಿನ ಹಿಂಬದಿಯ ಕೋಣೆ. ಗುರುವಾರ.
ವಿಲ್ಮಾ ಎಲೆ ಹಂಚುತ್ತಾಳೆ.

ಬಟನ್ನು ನನ್ನ ಮುಂದಿದೆ, ಬಿಳಿ ಬಿಲ್ಲೆ,
ಅಂಚು ಸವೆದು ಸೋಪಿನ ಚೂರಿನಂತಾಗಿದೆ.
ಅದು ಯಾರ ಮುಂದೋ ಕಡೇ ಮಾತು ಅವರದು.

ಆರು ಮಕ್ಕಳಲ್ಲಿ ನಾನು ಆರನೆಯವಳು.
ಆಲೂಗಡ್ಡೆಯ ಪಾತ್ರೆ ನನ್ನ ಹತ್ತಿರ ಬರುವಾಗ
ಸೌಟು ತಳ ಕೆರೆಯುವ ಸದ್ದು.
ಸ್ನಾನಕ್ಕೆ ಐವರು ಮಿಂದ ನೀರು.
ಅಣ್ಣಂದಿರ ಹಿಮದ ಕೋಟೆಯಲ್ಲಿ
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಕಡೇ ಪಂಕ್ತಿ ಅಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಇಡೀ ಊರಲ್ಲಿ ಈ ಮೇಜು ಒಂದೇ
ಕಡೆಯವಳಾಗಿ ಕೂರು, ಲಾಭವಿದೆ ಅಂದದ್ದು.

ಕೈಯಲ್ಲಿ ಎರಡು ನಾಲ್ಕು. ಒಂದು ಆಟಿನ್ನು, ಒಂದು ಕಳಾವರು.
ಮೆರ್ಲ್ ಟ್ರೆಗೋನಿಂಗ್ ಹದಿನೈದು ಡಾಲರು ತಳ್ಳಿದ.
ಮಿಸೌಲಾದ ಹಲ್ಲಿನ ಡಾಕ್ಟರು ಎಲೆ ಎಸೆದ,
ಆರ್ವೋ ಎಸೆದು ಬಿಯರಿಗೆ ಎದ್ದ.
ನಾನು ಹದಿನೈದು ಕೊಟ್ಟೆ.

ಮೂರು ಎಲೆ ತೆರೆದಳು ವಿಲ್ಮಾ:
ಒಂಬತ್ತು. ಎರಡು. ಒಂಬತ್ತು.

ಜೋಡಿ ಬಿದ್ದ ಮೇಜು ಬಡವರ ಮೇಜು.
ಇರುವ ನಾಲ್ಕು ಒಂಬತ್ತರಲ್ಲಿ ಎರಡು
ಎಲ್ಲರ ಕಣ್ಣೆದುರು ಅಂಗಾತ ಮಲಗಿವೆ;
ಉಳಿದವು ಮೆರ್ಲನ ಕೈಯಲ್ಲಿರುವುದಕ್ಕಿಂತ
ಕಟ್ಟಿನ ಕತ್ತಲಲ್ಲಿರುವುದೇ ಹೆಚ್ಚು.
ಯಾರಿಗೂ ಒಲಿಯದ ಮೂರೆಲೆ,
ಹಾಗಾಗಿ ಯಾರು ಬೇಕಾದರೂ ನನ್ನದು ಅನ್ನಬಹುದಾದ ಮೂರೆಲೆ.

ಮೆರ್ಲ್ ಅಂದ. ಇಪ್ಪತ್ತು. ತಟ್ಟನೆ.
ಹತ್ತೊಂಬತ್ತು ವರ್ಷ ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದವಳು ನಾನು:
ಹಿಮದುಂಡೆ ಎಸೆದ ಹುಡುಗ
ಯಾವಾಗಲೂ ಕಿಟಕಿಯಾಚೆ ನೋಡುತ್ತಿರುತ್ತಾನೆ.
ಮೆರ್ಲ್ ಗೋಡೆಯ ಟೀವಿ ನೋಡುತ್ತಿದ್ದ.

ಏರಿಸಲಿಲ್ಲ.
ಏರಿಸಿದರೆ, ನಾನು ಈಗಾಗಲೇ ಗೆದ್ದ ಕೈಗಳು ಓಡಿಹೋಗುತ್ತವೆ,
ನನ್ನನ್ನು ಗೆಲ್ಲುವವು ಕಾಲು ಚಾಚಿ ಕೂರುತ್ತವೆ.
ಇಪ್ಪತ್ತು ಇಟ್ಟೆ, ಅಷ್ಟೆ.

ನಾಲ್ಕನೆಯ ಎಲೆ ರಾಜ.
ಮೆರ್ಲ್ ಮೇಜು ತಟ್ಟಿದ. ನಾನೂ ತಟ್ಟಿದೆ.
ಬೇಡಿಕೊಂಡೆನೇನೋ, ನೆನಪಿಲ್ಲ.
ಐದನೆಯದು ಮತ್ತೆ ರಾಜ.

ಈ ಊರಿನ ಕೆಳಗೆ ಸುರಂಗದ ಮೇಲೆ ಸುರಂಗ.
ಗಣಿಯ ಪಂಪು ನಿಲ್ಲಿಸಿದ ದಿನದಿಂದ
ನೀರು ಏರುತ್ತ ಬಂತು, ಯಾರ ಮೇಲೂ ಸಿಟ್ಟಿಲ್ಲದೆ.
ಅಪ್ಪ ಊಟದ ಡಬ್ಬಿ ಇಡುತ್ತಿದ್ದ ಕಲ್ಲಿನ ಗೂಡೂ
ಈಗ ಅದರಡಿಯಲ್ಲಿ, ಇದ್ದ ಜಾಗದಲ್ಲೇ ಇದೆ.
ನನ್ನ ನಾಲ್ಕುಗಳೂ ಹಾಗೆಯೇ.
ಎರಡು ರಾಜ, ಎರಡು ಒಂಬತ್ತು, ಎಲ್ಲ ಎಲ್ಲರದು;
ನನ್ನ ಜೋಡಿ ಮುಳುಗಿತು, ಬೆರಳ ನಡುವೆಯೇ.
ಲೆಕ್ಕಕ್ಕಿಲ್ಲ.

ಮೆರ್ಲ್ ಮತ್ತೆ ಮೇಜು ತಟ್ಟಿದ.
ವಿಲ್ಮಾ ನನ್ನ ಕಡೆ ತಿರುಗಿದಳು.
ಕೋಣೆಯಲ್ಲಿ ಇನ್ನು ಮಾತಾಡಬೇಕಾದವಳು ನಾನೊಬ್ಬಳೇ.
ಪಾತ್ರೆ ಬಂದಿದೆ,
ತುಂಬಿಯೇ ಬಂದಿದೆ, ಸೌಟು ನನ್ನ ಕೈಯಲ್ಲಿ.

ನಲವತ್ತೈದು ಅಂದೆ.
ರಾಜನಿದ್ದವಳು ಹೇಗೆ ಅನ್ನುತ್ತಾಳೋ ಗೊತ್ತಿಲ್ಲ,
ಮಕ್ಕಳಿಗೆ ಕೂತುಕೊಳ್ಳಿ ಅನ್ನುವ ದನಿಯಲ್ಲಿ ಅಂದೆ.

ಅವನು ಟೀವಿ ನೋಡಲಿಲ್ಲ ಈಗ. ನನ್ನನ್ನೇ ನೋಡಿದ.
ಆಮೇಲೆ ತನ್ನೆರಡು ಎಲೆ ಮಗುಚಿ ಎಲ್ಲರಿಗೂ ತೋರಿಸಿ ತಳ್ಳಿದ:
ಐದು, ಐದು.
ಅವೂ ಮುಳುಗಿದ್ದವು,
ನನ್ನವಕ್ಕಿಂತ ಒಂದೇ ಮೆಟ್ಟಿಲು ಮೇಲೆ.

ನನ್ನದನ್ನು ಬೋರಲಾಗಿಯೇ ವಿಲ್ಮಾಳಿಗೆ ಕೊಟ್ಟೆ.
ಬಾಯಿ ಬಿಟ್ಟರೆ ಬಣ್ಣಗೇಡು.

ಬಾಗಿಲಲ್ಲಿ ಮೆರ್ಲ್ ಕೈಗವಸು ಹಾಕಿಕೊಳ್ಳುತ್ತ ಕೇಳಿದ,
ಮಿಲ್ಕಾ, ಒಂಬತ್ತಾ? ರಾಜನಾ?
ಐದೂವರೆಗೆ ಬಸ್ಸು ತೆಗೀಬೇಕು, ಅಂದೆ.
ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿ.
ಅವನ ಟ್ರಕ್ಕು ಮೂರು ಸಲ ಕೆಮ್ಮಿ ಹೊರಟಿತು.