ಕೊಸರು

ನೋವಿಲ್ಲ, ಹಸಿವು ಚೆನ್ನಾಗಿಯೇ ಇದೆ.
ಆದರೂ ಟೌರಂಗದ ಆಸ್ಪತ್ರೆಯಲ್ಲಿ
ಇಪ್ಪತ್ತೊಂಬತ್ತರ ಕಹುರಂಗಿ
ಜಠರವನ್ನೇ ತೆಗೆಸಿಕೊಂಡಳು.

ಅಜ್ಜ, ಇಬ್ಬರು ಅತ್ತೆಯರು, ಕಳೆದ ಚಳಿಗೆ ತಮ್ಮ ರಾವಿರಿ.
ಶಾಪ ಅಂದಿದ್ದರು ಮಂದಿ.
ರಕ್ತದ ಚೀಟಿ ಅಂದದ್ದು: ಕ್ಯಾಡ್‌ಹೆರಿನ್.
ಕೋಶ ಕೋಶದ ಕೈಹಿಡಿವ ಬೆರಳು;
ಚಿಟಿಕೆ ಸುಣ್ಣದಂಶ ಸಾಕು ಅದಕ್ಕೆ, ಬಿಗಿಯಲು.

ತೆಗೆದದ್ದನ್ನು ಪದರ ಪದರ ಸೀಳಿ ನೋಡಿದರು.
ಸಿಕ್ಕವು ಏಳು.
ಒಡಲ ತುಂಬ ಲೋಳೆ, ಬೀಜ ಅಂಚಿಗೊತ್ತಿ
ಥೇಟು ಮುದ್ರೆಯುಂಗುರ,
ಯಾರ ಗುರುತೂ ಹೇಳದ ಉಂಗುರ.
ಗಡ್ಡೆಯಿಲ್ಲ, ಗದ್ದಲವಿಲ್ಲ,
ನೆರೆಯ ಕೈಬಿಟ್ಟು ಒಂದೊಂದೇ
ಹೊಸಿಲಲ್ಲಿ ನಿಂತಿದ್ದವು.

ಈಗ ಊಟವೆಂದರೆ ಆರು ಚಮಚ ಗೆಣಸು,
ನಡುವೆ ಉಸಿರು.

ಶಾಲೆಯೆದುರು ರಸ್ತೆ ದಾಟುವಾಗ
ಮಗಳು ಕೈ ಕೊಸರಿಕೊಂಡು ಓಡಿದಳು.
ಅವಳ ರಕ್ತವನ್ನು
ಇನ್ನೂ ಯಾರೂ ಏನೂ ಕೇಳಿಲ್ಲ.