ಕೂಡಿಸುವ ಗುರುತು

ಸೋಮವಾರ ಪ್ರಾರ್ಥನೆ ಮುಗಿದದ್ದೇ
ಹೆಡ್‌ಮಾಸ್ತರರು ಕರೆದು ಹೇಳಿದರು:
ಕನ್ನಡದವರಿಗೆ ವರ್ಗ ಆತು ನೋಡ್ರಿ ಟೀಚರ್,
ಸಮಾಜದ ಜೋಡಿ ಅದನ್ನೂ ಒಂದು ವಾರ ನೀವೇ ತಗೋರಿ.
ಒಂದು ವಾರ ಅಂದರೆ ಯುಗಾದಿ ತನಕ ಎಂದು
ಅತಿಥಿ ಶಿಕ್ಷಕಿಗೆ ಬಿಡಿಸಿ ಹೇಳಬೇಕಿಲ್ಲ.

ಏಳನೆಯ ತರಗತಿ, ಹಾಜರಿ ನಲವತ್ತೊಂದು.
ಓದಿಸಿ ನೋಡಿದರೆ ಹದಿಮೂರು ಮಂದಿ
ಒತ್ತಕ್ಷರ ಬಂದಲ್ಲಿ ಕೆಮ್ಮುತ್ತಾರೆ.
ಹುಲುಗಪ್ಪ ಕೆಮ್ಮುವುದೂ ಇಲ್ಲ,
ಪುಸ್ತಕ ಹಿಡಿದು ಸುಮ್ಮನೆ ನಿಂತುಬಿಡುತ್ತಾನೆ.
ಅಪ್ಪನ ಟ್ರ್ಯಾಕ್ಟರಿನ ಡೀಸೆಲ್ ಲೆಕ್ಕ ಕೇಳಿ,
ಪೈಸೆ ತಪ್ಪದೆ ಬಾಯಲ್ಲೇ ಬಿಚ್ಚುತ್ತಾನೆ.

ಮಂಗಳವಾರ, ಶಾಸನಗಳ ಪಾಠ.
ಸಿಂಧನೂರಿಗೂ ಮಸ್ಕಿಗೂ ಎಷ್ಟು ದೂರ?
"ಟಂಟಂನ್ಯಾಗ ನಲವತ್ತು ರೂಪಾಯಿ ದೂರ, ಟೀಚರ್."
ಅಲ್ಲಿಯ ಬಂಡೆಯ ಮೇಲಿನ ಕ ಹೀಗಿದೆ ಎಂದು
ಹಲಗೆಗೆ ಎರಡು ಗೆರೆ ಎಳೆದೆ,
ನಿಂತದ್ದೊಂದು, ಅದರ ನಡುವಿಗೆ ಮಲಗಿದ್ದೊಂದು.
ಹಿಂದಿನ ಬೆಂಚಿನಿಂದ ಹುಲುಗಪ್ಪ
ಈ ವರ್ಷ ಮೊದಲ ಸಲ ಕರೆಯದೆ ಎದ್ದ:
"ಅದು ಕೂಡ್ಸೋ ಗುರ್ತಲ್ಲೇನ್ರೀ!
ಅದು ನನಗ ಓದಾಕ ಬರತೈತಿ."
ಎಲ್ಲರೂ ನಕ್ಕರು. ನಾನೂ.
ಅವನು ಬಿಡಲಿಲ್ಲ. ಗ ಹೆಂಗೈತ್ರೀ? ಗುಡಿಸಲ ಮಾಡಿನಂತೆ.
ರ? ನಿಲ್ಲಿಸಿದ ಕಡ್ಡಿ.
ಠ? ಬಳೆ, ಬರೀ ಬಳೆ.

ಬುಧವಾರ ನಾನು ಶಾಲೆಗೆ ಹೋಗಲಿಲ್ಲ.
ಮೂರು ತಿಂಗಳ ಗೌರವಧನ, ಬಿಇಒ ಕಚೇರಿಯ ಬೆಂಚು,
ಗುಮಾಸ್ತರ ಊಟ, ಆಮೇಲೆ ಸರ್ವರ್ ಇಲ್ಲ.

ಗುರುವಾರ ಬಂದರೆ ಕಂಪೌಂಡ್ ತುಂಬ ಕ!
ಇದ್ದಿಲಲ್ಲಿ, ಸುಣ್ಣದಲ್ಲಿ, ಹಂಚಿನ ಚೂರಿನಲ್ಲಿ.
ಬಿಸಿಯೂಟದ ಈರಮ್ಮ ಸೌಟು ಹಿಡಿದೇ ಹೊರಬಂದಳು:
"ಯಾರಲೇ ಅದು, ನನ್ನ ಅಡಿಗಿಮನಿ ದವಾಖಾನಿ ಮಾಡಿದವ್ರು?"

ನಾಕನೇ ಕ್ಯಾಂಪಿನ ಶೆಫಾಲಿ ಹಾಲ್ದಾರ್
ಸೀಮೆಸುಣ್ಣ ಕೇಳಿ ಇಸಿದುಕೊಂಡು
ತ್ರಿಕೋನಕ್ಕೊಂದು ಕೊಕ್ಕೆ, ತಲೆಗೊಂದು ಗೆರೆ ಎಳೆದಳು.
ಇದು ನಮ್ಮ ದಿದಿಮಾನ ಕ, ಅಂದಳು,
ಅವರು ಬರುವಾಗ ಟ್ರಂಕಿನೊಳಗೆ ತಂದದ್ದು.
"ಪರೀಕ್ಷಾಕ್ಕ ಬರತೈತೇನ್ರೀ?" ಯಾರೋ ಕೇಳಿದರು.
ಇಲ್ಲ ಎಂದೆ. ಆದರೂ ಬರೆದುಕೊಂಡರು.
ಅಬ್ಬಾ ಕಲಿಸಿದ ಕಾಫ್ ಒಂದು
ನನ್ನ ಬೆರಳ ತುದಿಗೂ ಬಂದು ನಿಂತಿತ್ತು.
ಗಂಟೆ ಹೊಡೆಯಿತು. ಹೊಡೆದದ್ದು ಒಳ್ಳೆಯದೇ ಆಯಿತೇನೋ.

ಶುಕ್ರವಾರ ನಕಾಶೆಯ ಕಿರುಪರೀಕ್ಷೆ.

ಶನಿವಾರ ಮಧ್ಯಾಹ್ನ, ನನ್ನದೇ ಖರ್ಚು,
ಆರು ಮಕ್ಕಳು, ಒಂದು ಟಂಟಂ, ಒಂದು ಚೀಲ ಚುರುಮುರಿ.
ಮಸ್ಕಿಯ ಗುಡ್ಡಕ್ಕೆ ಬಿಸಿಲು ಅಂಟಿಕೊಂಡಿತ್ತು.
ಶಾಸನದ ಗೇಟಿಗೆ ಬೀಗ. ಕೀಲಿಯವನು
ಯಾರದೋ ಮದುವೆಗೆ ಹೋಗಿದ್ದಾನಂತೆ.
ಕಾದ ಸರಳಿಗೆ ಕೆನ್ನೆ ಒತ್ತಿ
ಹುಲುಗಪ್ಪ ಹುಡುಕಿದ, ಬಹಳ ಹೊತ್ತು,
"ಒಂದು... ಅಲ್ಲೊಂದು... ಮೂರು..."
ಏಳಕ್ಕೋ ಎಂಟಕ್ಕೋ ಲೆಕ್ಕ ತಪ್ಪಿ ತಿರುಗಿದ:
"ಟೀಚರ್, ರಾಜ ಬರಸಿದ, ಸರಿ.
ಆವಾಗ ಓದಾಕ ಬರಲಾರದವ್ರಿಗೆ
ಇದನ್ನ ಯಾರು ಹೇಳಿದ್ರು?"
ಪುಸ್ತಕದಲ್ಲಿ ಅದು ಇರಲಿಲ್ಲ.
ಚುರುಮುರಿ ಹಂಚಿದೆ.

ಭಾನುವಾರ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ.
ಖಾಲಿ ಜಿಲ್ಲೆಯೊಳಗೆ ಕೃಷ್ಣೆ ಹಲವರ ಕೈಯಲ್ಲಿ
ತುಂಗಭದ್ರೆಯಾಗಿ ಹರಿದಿದ್ದಾಳೆ,
ಹಟ್ಟಿಯ ಚಿನ್ನ ಒಬ್ಬನ ದಯದಿಂದ ಆಂಧ್ರಕ್ಕೆ ಹೋಗಿದೆ.
ಕೊನೆಯ ಪ್ರಶ್ನೆ: ನಿನ್ನ ಊರನ್ನು ಗುರುತಿಸು.
ಶೆಫಾಲಿ ಸಿಂಧನೂರಿನ ಚುಕ್ಕೆಯ ಮಗ್ಗುಲಲ್ಲಿ
ಒಂದು ಗೆರೆ ನಿಲ್ಲಿಸಿ, ಒಂದು ಮಲಗಿಸಿದ್ದಾಳೆ.
ಹೆಸರಿಲ್ಲ. ಕ್ಯಾಂಪಿನ ಕ ಇರಬಹುದು.
ಅಥವಾ ಸುಮ್ಮನೆ, ಇಲ್ಲೊಂದನ್ನು ಕೂಡಿಸಿರಿ ಎಂದು.
ಸರಿ ಹಾಕಿದೆ, ಸ್ವಲ್ಪ ಯೋಚಿಸಿ.

ಹುಲುಗಪ್ಪನ ನಕಾಶೆ ಖಾಲಿ, ಒಂದು ಚುಕ್ಕೆಯೂ ಇಲ್ಲ.
ಆದರೆ 'ಹೆಸರು' ಎಂದಿರುವಲ್ಲಿ,
ಇಷ್ಟು ದಿನ ಪಕ್ಕದವನು ತುಂಬಿಕೊಡುತ್ತಿದ್ದ ಗೆರೆಯ ಮೇಲೆ,
ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದಾನೆ:
ಹುಲುಗಪ.
ಪಕ್ಕೆ ಒತ್ತು ಬಿಟ್ಟಿದೆ. ನಾಳೆ ನೋಡೋಣ.